ಗಾಜಿನ ಪೆಟ್ಟಿಗೆಯ ನೆಲ, ಮನೆಯ ಹಸುಗೂಸು

ದಾವಣಗೆರೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅವರ ಮಗಳು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾಳೆ. ಎರಡನೆಯ ಹೆರಿಗೆ ಹತ್ತಿರವಾಗಿದೆ. ಬಾಣಂತನಕ್ಕೆಂದು ಇವರು ಹೊರಟು ನಿಂತಿದ್ದಾರೆ. ಅಲ್ಲಿ 11 ವರ್ಷದ ಮೊಮ್ಮಗ ಗಾಜಿನ ಪೆಟ್ಟಿಗೆಯಲ್ಲಿ ಹಲ್ಲಿಯೊಂದನ್ನು ಸಾಕಿದ್ದಾನೆ. "ಪೆಟ್ಟಿಗೆಯ ತಳಕ್ಕೆ ನೀಲಿ ಬಣ್ಣದ ಮರಳು ಹಾಸಿದ್ದಾನೆ. ನೋಡಲು ಬಲು ಚೆಂದ. ಮರಳಿನಿಂದ ಏನೂ ತೊಂದರೆಯಿಲ್ಲವೇ? ಹಸುಗೂಸು ಬರುವ ಮನೆಯಲ್ಲಿ ಹಲ್ಲಿ ಇರಬಹುದೇ ಡಾಕ್ಟರೇ?" ಎಂಬುದು ಅವರ ಪ್ರಶ್ನೆ.

ಹಲ್ಲಿಯನ್ನು ಸಾಕುವುದೇ ಎಂದು ಮೂಗಿನ ಮೇಲೆ ಬೆರಳಿಡಬೇಡಿ. ಇದು ನಮ್ಮ ಗೋಡೆಯ ಹಲ್ಲಿಯಲ್ಲ, ಅದರ ದೂರದ ನೆಂಟ. ಮೈಮೇಲೆ ಚಿರತೆಯಂಥ ಚುಕ್ಕೆಗಳಿರುವುದರಿಂದ ಇದಕ್ಕೆ ಲೆಪರ್ಡ್ ಗೆಕೊ ಎಂದು ಹೆಸರು. ಇದರ ಮೂಲನೆಲೆ ಅಫ್ಘಾನಿಸ್ತಾನ, ಪಾಕಿಸ್ತಾನ ಮತ್ತು ವಾಯವ್ಯ ಭಾರತದ ಒಣಪ್ರದೇಶಗಳು. ಸಾಧು ಪ್ರಾಣಿ, ವಿಷವಿಲ್ಲ. ಚೆನ್ನಾಗಿ ನೋಡಿಕೊಂಡರೆ 15-20 ವರ್ಷ ಬದುಕುತ್ತದೆ. ಅಮೆರಿಕದಲ್ಲಿ ಮಕ್ಕಳಿರುವ ಎಷ್ಟೋ ಮನೆಗಳಲ್ಲಿ ಇದನ್ನು ಸಾಕುತ್ತಾರೆ.

ನಾನು ಪಶುವೈದ್ಯನಲ್ಲ. ಆದರೂ ಈ ಪೆಟ್ಟಿಗೆಯ ನೆಲ ನನ್ನ ವಿಷಯವೂ ಹೌದು. ಕಾರಣ, ಸಾಲ್ಮೊನೆಲ್ಲಾ ಎಂಬ ರೋಗಾಣು. ಹಲ್ಲಿ, ಆಮೆ, ಹಾವುಗಳ ಕರುಳಿನಲ್ಲಿ ಇದು ಸಹಜವಾಗಿ ವಾಸಿಸುತ್ತದೆ. ಪ್ರಾಣಿಗೆ ಯಾವ ಕಾಯಿಲೆಯೂ ಕಾಣುವುದಿಲ್ಲ. ಆದರೆ ಅದರ ಮಲದೊಂದಿಗೆ ಹೊರಬಂದ ರೋಗಾಣು ಪೆಟ್ಟಿಗೆಯ ನೆಲಕ್ಕೆ, ಅಲ್ಲಿಂದ ಅದರ ಕಾಲು ಮತ್ತು ಮೈಗೆ, ಮುಟ್ಟಿದವರ ಕೈಗೆ, ಕೊನೆಗೆ ಬಾಯಿಗೆ ಸೇರುತ್ತದೆ. ಅಂದರೆ ಮನುಷ್ಯನ ಕಡೆಗೆ ರೋಗ ಹೊರಡುವ ಮೊದಲ ಮೆಟ್ಟಿಲೇ ಆ ನೆಲ.

ಇದು ಬರಿಯ ಊಹೆಯಲ್ಲ. ಪುಟ್ಟ ಆಮೆಗಳಿಂದ ಮಕ್ಕಳಿಗೆ ಈ ಸೋಂಕು ತಗಲುತ್ತಿದ್ದುದರಿಂದ ಅಮೆರಿಕ ಸರ್ಕಾರವು 1975ರಲ್ಲೇ 4 ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಸಾಕು ಆಮೆಗಳ ಮಾರಾಟವನ್ನು ನಿಷೇಧಿಸಿತು. 2015ರಲ್ಲಿ ಕ್ರೆಸ್ಟೆಡ್ ಗೆಕೊ ಎಂಬ ಸಾಕುಹಲ್ಲಿಯಿಂದ ಅಲ್ಲಿನ ಹಲವು ರಾಜ್ಯಗಳಲ್ಲಿ ಜನರು ಕಾಯಿಲೆ ಬಿದ್ದರು.

ಆರೋಗ್ಯವಂತ ವಯಸ್ಕರಿಗೆ ಈ ಸೋಂಕು ಜ್ವರ, ಹೊಟ್ಟೆನುಲಿತ, ಭೇದಿಗಳನ್ನು ತಂದು ಸಾಮಾನ್ಯವಾಗಿ ಒಂದು ವಾರದೊಳಗೆ ತಾನಾಗಿ ಇಳಿಯುತ್ತದೆ. ಹಸುಳೆಗಳ ಮಾತು ಬೇರೆ. ಅವರಲ್ಲಿ ರೋಗಾಣು ರಕ್ತಕ್ಕೆ ನುಗ್ಗಬಹುದು, ಮಿದುಳಿನ ಪೊರೆಯ ಉರಿಯೂತವನ್ನೂ ಉಂಟುಮಾಡಬಹುದು. ಮಗು ಹಲ್ಲಿಯನ್ನು ಮುಟ್ಟಬೇಕೆಂದೇನೂ ಇಲ್ಲ. ಹಲ್ಲಿಯನ್ನು ಮುಟ್ಟಿದ ಅಣ್ಣ ತಮ್ಮನ ಕೆನ್ನೆ ಸವರಿದರೂ ಸಾಕು.

ಈಗ ನೆಲದ ವಿಚಾರಕ್ಕೆ ಬರೋಣ. ಬಣ್ಣದ ಮರಳು ಕಣ್ಣಿಗೆ ಹಬ್ಬ, ಆದರೆ ಹಲ್ಲಿಗೂ ಮನೆಯವರಿಗೂ ಒಳ್ಳೆಯದಲ್ಲ. ಹುಳುವನ್ನು ಹಿಡಿಯಲು ನುಗ್ಗುವ ಹಲ್ಲಿ ಅದರೊಂದಿಗೆ ಮರಳನ್ನೂ ನುಂಗುತ್ತದೆ. ಅದು ಹೊಟ್ಟೆಯಲ್ಲಿ ಗಟ್ಟಿಯಾಗಿ ಕರುಳನ್ನು ಕಟ್ಟಬಹುದು. ಮರಿಗಳಿಗೂ ನಿತ್ರಾಣವಾದ ಹಲ್ಲಿಗಳಿಗೂ ಈ ಅಪಾಯ ಹೆಚ್ಚು. ಸುಣ್ಣಾಂಶದಿಂದ ಮಾಡಿದ್ದು, ಜೀರ್ಣವಾಗುತ್ತದೆ ಎಂದು ಮಾರುವ ಮರಳನ್ನೂ ನಂಬಬೇಡಿ. ಸುಣ್ಣಾಂಶದ ಕೊರತೆಯಿರುವ ಹಲ್ಲಿ ಅದನ್ನು ನೆಕ್ಕಿ ನೆಕ್ಕಿ ತಿನ್ನುವುದುಂಟು. ಮರಳೇ ಅದರ ತವರುನೆಲ ಎಂಬ ಮಾತೂ ಪೂರ್ತಿ ನಿಜವಲ್ಲ. ಲೆಪರ್ಡ್ ಗೆಕೊ ಹೆಚ್ಚಾಗಿ ಬದುಕುವುದು ಗಟ್ಟಿಮಣ್ಣು ಮತ್ತು ಕಲ್ಲುಬಂಡೆಗಳ ನಡುವೆ. ಇನ್ನೊಂದು ಮಾತು, ಮಲದ ತೇವ ಒಮ್ಮೆ ಮರಳಿಗೆ ಇಳಿದರೆ ಅದನ್ನು ಪೂರ್ತಿ ತೆಗೆಯುವುದು ಯಾರಿಂದಲೂ ಆಗದು.

ದೇವದಾರು, ಪೈನ್ ಮರದ ಹೊಟ್ಟೂ ಬೇಡ. ಅದರ ಘಾಟು ಹಲ್ಲಿಗೆ ಆಗದು. ಪುಡಿಮಾಡಿದ ಅಕ್ರೋಟಿನ ಚಿಪ್ಪು ಚೂಪಾಗಿರುತ್ತದೆ, ಅದೂ ಬೇಡ. ಅಂಗಡಿಯಲ್ಲಿ ಸಿಗುವ ನೆಲಹಾಸಿನ ಬಟ್ಟೆ ಮೆತ್ತಗಿದ್ದರೂ ಅದರ ಎಳೆಗಳಿಗೆ ಹಲ್ಲಿಯ ಉಗುರು ಸಿಕ್ಕಿಕೊಳ್ಳಬಹುದು. ಕೊಳೆಯೂ ಎಳೆಗಳ ನಡುವೆ ಉಳಿಯುತ್ತದೆ.

ಹಾಗಾದರೆ ಯಾವುದು ಒಳ್ಳೆಯದು? ಅತಿ ಅಗ್ಗದ ಉತ್ತರ ನಿಮ್ಮ ಕೈಯಲ್ಲೇ ಇದೆ: ಓದಿ ಮುಗಿಸಿದ ದಿನಪತ್ರಿಕೆ. ಇಲ್ಲವೇ ಬಿಳಿಯ ಕಾಗದದ ಟವೆಲು. ಹೊಸದಾಗಿ ತಂದ ಹಲ್ಲಿಗೂ ಕಾಯಿಲೆಯ ಹಲ್ಲಿಗೂ ಬಿಳಿಯ ಕಾಗದವೇ ಮೇಲು. ಅದರ ಮೇಲೆ ಮಲದ ಬಣ್ಣ, ನೀರಿನಂಶ, ರಕ್ತ ಎಲ್ಲವೂ ಎದ್ದು ಕಾಣುತ್ತವೆ. ವೈದ್ಯನಿಗೆ ಇದಕ್ಕಿಂತ ಹೆಚ್ಚು ಏನು ಬೇಕು?

ಚೆಂದವೂ ಬೇಕೆಂದರೆ ಟೈಲ್ಸ್ ಹಾಕಿ. ಕಪ್ಪು ಸ್ಲೇಟ್ ಕಲ್ಲು ಅಥವಾ ಮಣ್ಣಿನ ಬಣ್ಣದ, ಹೊಳಪಿಲ್ಲದ, ತುಸು ಒರಟಾದ ಟೈಲ್ಸ್ ಆರಿಸಿ. ನುಣುಪಾದ ಟೈಲ್ಸ್ ಮೇಲೆ ಹಲ್ಲಿ ಜಾರುತ್ತದೆ. ಈ ಹಲ್ಲಿಗೆ ನಮ್ಮ ಗೋಡೆಯ ಹಲ್ಲಿಯಂತೆ ಅಂಟುವ ಪಾದವಿಲ್ಲ, ಉಗುರು ಮಾತ್ರ. ಪೆಟ್ಟಿಗೆಯ ಅಳತೆಗೆ ಸರಿಯಾಗಿ ಕತ್ತರಿಸಿ, ಸಂದಿ ಉಳಿಯದಂತೆ ಕೂರಿಸಬೇಕು. ಕಾವು ಕೊಡುವ ಜಾಗದಲ್ಲಿ ಕಲ್ಲು ಬೆಚ್ಚಗಾಗಿ ಹಲ್ಲಿಯ ಹೊಟ್ಟೆಗೂ ಹಿತವಾಗುತ್ತದೆ. ಪೊರೆ ಬಿಡುವ ಕಾಲಕ್ಕೆ ಒಂದು ಮುಚ್ಚಿದ ಡಬ್ಬಿಯಲ್ಲಿ ಒದ್ದೆ ಪಾಚಿಯಿಟ್ಟು, ಹಲ್ಲಿ ಒಳಹೋಗಲು ತೂತು ಮಾಡಿದರಾಯಿತು. ಎರಡು ಜೊತೆ ಟೈಲ್ಸ್ ಇದ್ದರೆ ಒಂದನ್ನು ತೊಳೆದು ಒಣಗಿಸುವಾಗ ಇನ್ನೊಂದನ್ನು ಹಾಸಬಹುದು. ಈ ಹಲ್ಲಿ ಸಾಮಾನ್ಯವಾಗಿ ಒಂದೇ ಮೂಲೆಯಲ್ಲಿ ಮಲ ವಿಸರ್ಜಿಸುತ್ತದೆ. ಆ ಮೂಲೆಗೆ ಕಾಗದ ಹಾಕಿ ದಿನವೂ ಬದಲಿಸಿ.

ನನ್ನ ಸೂತ್ರ ಇಷ್ಟೇ: ನೆಲವನ್ನು ಕಣ್ಣು ಮೆಚ್ಚುವುದಕ್ಕಿಂತ ಮೊದಲು ಒರೆಸುವ ಬಟ್ಟೆ ಮೆಚ್ಚಬೇಕು. ನಮ್ಮ ಅಜ್ಜಿಯರು ಅಡುಗೆಮನೆಗೆ ಕೆಂಪುಗಾರೆಯ ನೆಲ ಬೇಕೆಂದದ್ದೂ ಇದಕ್ಕೇ ಅಲ್ಲವೇ?

ಪೆಟ್ಟಿಗೆಯನ್ನಾಗಲಿ ಟೈಲ್ಸನ್ನಾಗಲಿ ಅಡುಗೆಮನೆಯ ಸಿಂಕಿನಲ್ಲಿ ತೊಳೆಯಕೂಡದು. ಅದಕ್ಕೆಂದೇ ಬೇರೆ ಬಕೆಟ್ಟು, ಬೇರೆ ಬಟ್ಟೆ ಇರಲಿ. ಸಾಧ್ಯವಾದರೆ ಮನೆಯ ಹೊರಗೆ ತೊಳೆಯಿರಿ. ಹಲ್ಲಿಯನ್ನು ಮುಟ್ಟಿದವರು ಕೂಡಲೇ ಸೋಪು ಹಾಕಿ ಕೈತೊಳೆಯಲೇಬೇಕು. ಅದಕ್ಕೆ ಮುತ್ತು ಕೊಡುವುದು ಖಂಡಿತ ಬೇಡ.

ಇನ್ನು ಪತ್ರದ ಎರಡನೆಯ ಪ್ರಶ್ನೆ. ಇಲ್ಲಿ ನಾನು ನೇರವಾಗಿ ಹೇಳಬೇಕು. ಟೈಲ್ಸ್ ಹಾಕಿದರೆ ಅಪಾಯ ಕಡಿಮೆಯಾದೀತು, ಇಲ್ಲವಾಗದು. ಹಲ್ಲಿಯ ಮಲಪರೀಕ್ಷೆ ಮಾಡಿಸಿದರೂ ಪ್ರಯೋಜನ ಅಷ್ಟಕ್ಕಷ್ಟೇ, ಏಕೆಂದರೆ ರೋಗಾಣು ಒಂದು ದಿನ ಹೊರಬೀಳುತ್ತದೆ, ಇನ್ನೊಂದು ದಿನ ಇಲ್ಲ. 5 ವರ್ಷದೊಳಗಿನ ಮಕ್ಕಳು, 65 ದಾಟಿದವರು, ರೋಗನಿರೋಧಕ ಶಕ್ತಿ ಕುಂದಿದವರು ಇರುವ ಮನೆಯಲ್ಲಿ ಇಂಥ ಪ್ರಾಣಿ ಬೇಡವೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರವೇ ಹೇಳುತ್ತದೆ. ನನ್ನ ಅಭಿಪ್ರಾಯವೂ ಅದೇ. ಹೆರಿಗೆಗೆ ಮುಂಚೆಯೇ ಹಲ್ಲಿಯನ್ನು ಚಿಕ್ಕಮಕ್ಕಳಿಲ್ಲದ ಸ್ನೇಹಿತರ ಮನೆಗೆ ಕಳುಹಿಸುವುದು ಒಳ್ಳೆಯದು.

ಆದರೆ ಹುಡುಗ ಶಾಲೆಗೆ ಹೋದಾಗ ಹಲ್ಲಿಯನ್ನು ಮಾಯಮಾಡಬೇಡಿ. ಹೊರಗೆ ಬಿಟ್ಟರೆ ಅಲ್ಲಿನ ಚಳಿಯಲ್ಲಿ ಅದು ಸಾಯುತ್ತದೆ. ಜೊತೆಗೆ, ಹೊಸ ಮಗು ಬಂದಿದ್ದರಿಂದಲೇ ತನ್ನ ಹಲ್ಲಿ ಹೋಯಿತು ಎಂಬ ಗಾಯ ಅಣ್ಣನ ಮನಸ್ಸಿನಲ್ಲಿ ಉಳಿದೀತು. ಅವನನ್ನು ಕೂರಿಸಿಕೊಂಡು ಕಾರಣ ಹೇಳಿ. 11 ವರ್ಷದ ಹುಡುಗನಿಗೆ ಇದು ಅರ್ಥವಾಗುತ್ತದೆ. ಹೊಸ ಟೈಲ್ಸನ್ನು ಅವನೇ ಆರಿಸಲಿ, ಅದನ್ನು ಹಾಸಿಯೇ ಹಲ್ಲಿಯನ್ನು ಸ್ನೇಹಿತನ ಮನೆಗೆ ಬೀಳ್ಕೊಡಲಿ. ವಾರಕ್ಕೊಮ್ಮೆ ಹೋಗಿ ನೋಡಿಬರಲಿ. ಬಂದ ಕೂಡಲೇ ಕೈತೊಳೆದು, ಬಟ್ಟೆ ಬದಲಿಸಿ, ಆಮೇಲೆ ತಮ್ಮನನ್ನೋ ತಂಗಿಯನ್ನೋ ಎತ್ತಿಕೊಳ್ಳಲಿ.

ಇಲ್ಲಿನ ಓದುಗರಿಗೂ ಒಂದು ಮಾತು. ನಮ್ಮ ಗೋಡೆಯ ಹಲ್ಲಿಗೂ ವಿಷವಿಲ್ಲ. ಆದರೆ ಅದರ ಹಿಕ್ಕೆಯಲ್ಲೂ ಇದೇ ರೋಗಾಣು ಇರಬಹುದು. ಹಲ್ಲಿ ಮೈಮೇಲೆ ಬಿದ್ದರೆ ಶಕುನ ನೋಡುವ ಮೊದಲು ಕೈತೊಳೆಯಿರಿ. ಅನ್ನದ ಪಾತ್ರೆಗೆ ಮುಚ್ಚಳ ಹಾಕಲು ಮರೆಯಬೇಡಿ.