ಮನೆವಾರ್ತೆ: ಮುತ್ತಜ್ಜಿಯೊಡನೆ ಕಡಲ ಪಯಣ

ಈ ಪುಟವನ್ನು ಓದುವ ಗೃಹಸ್ಥರಲ್ಲಿ ಅನೇಕರು ಮನೆಮಂದಿಯೆಲ್ಲ ಕೂಡಿ ಕಾಶಿಗೋ ರಾಮೇಶ್ವರಕ್ಕೋ ಹೋಗಿ ಬಂದಿರಬಹುದು. ಮಕ್ಕಳನ್ನೂ ಮುದುಕರನ್ನೂ ಗಂಟುಮೂಟೆಗಳನ್ನೂ ಪ್ರತಿಯೊಂದು ನಿಲ್ದಾಣದಲ್ಲಿಯೂ ಎಣಿಸಿಕೊಳ್ಳುತ್ತ ಸಾಗುವ ಆ ಯಾತ್ರೆಯ ಕಷ್ಟಸುಖಗಳು ನಮಗೆ ಹೊಸವಲ್ಲ. ಆದರೆ ನಾಲ್ಕು ತಲೆಮಾರಿನವರು ಒಂದೇ ವಿಹಾರನೌಕೆಯನ್ನು ಹತ್ತಿ, ಕಡಲ ಮೇಲೆ ನಾಲ್ಕು ರಾತ್ರಿಗಳನ್ನು ಕಳೆದು ಬರುವುದೆಂದರೆ, ನಮ್ಮಂಥ ಸಂಸಾರಗಳಿಗೆ ಅದು ಇನ್ನೂ ಹೊಸ ಮಾತೇ ಸರಿ. ಎರಡು ವರ್ಷಗಳ ಹಿಂದಿನ ಚಳಿಗಾಲದಲ್ಲಿ ನಾವು ಅಂಥದೊಂದು ಸಾಹಸಕ್ಕೆ ಕೈಹಾಕಿದೆವು. ಅದರಲ್ಲಿ ಕಲಿತದ್ದನ್ನೂ, ಕಲಿಯದೆ ಹೋಗಿ ಪಶ್ಚಾತ್ತಾಪಪಟ್ಟದ್ದನ್ನೂ ವಾಚಕರೊಡನೆ ಹಂಚಿಕೊಳ್ಳುವುದು ಈ ತಿಂಗಳ ಉದ್ದೇಶ.

ನಮ್ಮ ತಾಯಿಗೆ ಆಗ 84 ವರ್ಷ. ಅವರ ತವರು ಮಂಗಳೂರು. 1948ರಲ್ಲಿ, ಒಂಬತ್ತು ವರ್ಷದ ಹುಡುಗಿಯಾಗಿದ್ದಾಗ, ತಂದೆಯೊಡನೆ ಸ್ಟೀಮರಿನಲ್ಲಿ ಮುಂಬಯಿಗೆ ಹೋಗಿ ಬಂದಿದ್ದರಂತೆ. ಆ ಕಾಲದಲ್ಲಿ ಕರಾವಳಿಯ ಜನಕ್ಕೆ ಮುಂಬಯಿಯ ಹಾದಿಯೆಂದರೆ ಕಡಲೇ. ಕೊಂಕಣ ರೈಲುಮಾರ್ಗವು ಪೂರ್ತಿಯಾಗಿ ತೆರೆದದ್ದು 1998ರಲ್ಲಿ. ಮದುವೆಯಾಗಿ ಘಟ್ಟವನ್ನೇರಿ ಬಂದ ಮೇಲೆ ಅಮ್ಮನಿಗೆ ಮತ್ತೆ ಹಡಗಿನ ಯೋಗ ಒದಗಲಿಲ್ಲ. “ಕಣ್ಣು ಮುಚ್ಚುವ ಮುನ್ನ ಇನ್ನೊಂದು ಸಲ ಹಡಗು ಹತ್ತಬೇಕು” ಎಂದು ಅವರು ಆಗಾಗ್ಗೆ ನಗುನಗುತ್ತಲೇ ಹೇಳುತ್ತಿದ್ದರು. ಅದನ್ನು ನಗೆಮಾತೆಂದು ಭಾವಿಸದೆ ಇದ್ದವನು ನಮ್ಮ ಮಗನೊಬ್ಬನೇ. ಮುಂಬಯಿಯಿಂದ ಲಕ್ಷದ್ವೀಪಕ್ಕೆ ಹೋಗಿ ಬರುವ ಒಂದು ನೌಕೆಯಲ್ಲಿ ಏಳು ಮಂದಿಗೆ ಸ್ಥಳವನ್ನು ಗೊತ್ತುಮಾಡುವೆನೆಂದು ಅವನು ಒಂದು ಸಂಜೆ ಬಂದು ನಿಂತನು. ಅಮ್ಮ, ನಾನು, ನನ್ನ ಪತ್ನಿ, ಮಗ, ಸೊಸೆ, ಹತ್ತು ವರ್ಷದ ಮೊಮ್ಮಗಳು, ಐದು ವರ್ಷದ ಮೊಮ್ಮಗ: ಹೀಗೆ ಏಳು ಜನ.

ಆ ಕಂಪನಿಯ ಹೆಸರನ್ನು ನಾವು ಯಾರೂ ಕೇಳಿರಲಿಲ್ಲ. ನಮ್ಮ ನಂಟರಿಷ್ಟರಲ್ಲಿ ಅದರ ಹಡಗಿನಲ್ಲಿ ಹೋಗಿ ಬಂದವರೂ ಇರಲಿಲ್ಲ. ಹೆಸರು ಕೇಳದ ಅಂಗಡಿಯಲ್ಲಿ ಬಟ್ಟೆ ಕೊಂಡು ಮೋಸಹೋದರೆ ನಷ್ಟ ಒಂದು ಸೀರೆಯದು. ಹಡಗಿನ ವಿಷಯದಲ್ಲಿ ಹಾಗಲ್ಲವಷ್ಟೆ. ಆದುದರಿಂದ ಮೊದಲು ವಿಚಾರಣೆಗೆ ತೊಡಗಿದೆವು. ಆಗ ತಿಳಿದುಬಂದ ಒಂದು ಸಂಗತಿ ಎಲ್ಲರಿಗೂ ಉಪಯೋಗವಾಗತಕ್ಕದ್ದು. ಪ್ರತಿಯೊಂದು ದೊಡ್ಡ ಪ್ರಯಾಣಿಕ ಹಡಗಿಗೂ ಅಂತರರಾಷ್ಟ್ರೀಯ ಸಾಗರ ಸಂಸ್ಥೆಯ ಏರ್ಪಾಟಿನಂತೆ ಏಳು ಅಂಕಿಗಳ ಒಂದು ಗುರುತುಸಂಖ್ಯೆ ಇರುತ್ತದೆ. ಈ ಏರ್ಪಾಟು 1987ರಲ್ಲಿ ಹುಟ್ಟಿತು; 1996ರಿಂದ ಕಡ್ಡಾಯವಾಯಿತು. ಒಡೆಯರು ಬದಲಾಗಬಹುದು, ಹೆಸರು ಬದಲಾಗಬಹುದು, ಹಾರಿಸುವ ಧ್ವಜವೂ ಬದಲಾಗಬಹುದು. ಆ ಸಂಖ್ಯೆ ಮಾತ್ರ ಹಡಗನ್ನು ಒಡೆಯುವವರೆಗೂ ಬದಲಾಗುವುದಿಲ್ಲ. ಅದನ್ನು ಹಿಡಿದು ಹುಡುಕಿದರೆ ಹಡಗು ಎಲ್ಲಿ, ಯಾವ ವರ್ಷ ಕಟ್ಟಿದ್ದು, ಯಾರ ಕೈಯಿಂದ ಯಾರ ಕೈಗೆ ಬಂದಿತೆಂಬುದು ತಿಳಿಯುತ್ತದೆ. ಕನ್ಯೆಯ ಗೋತ್ರ ಸೂತ್ರಗಳನ್ನು ವಿಚಾರಿಸುವ ನಾವು ಮಕ್ಕಳುಮರಿಯನ್ನೆಲ್ಲ ಒಪ್ಪಿಸುವ ಹಡಗಿನ ಜಾತಕವನ್ನು ನೋಡದಿರುವುದು ತರವಲ್ಲ.

ಎರಡನೆಯದು ಹಣದ ಮಾತು. “ಸಮುದ್ರದ ನಂಟಸ್ತಿಕೆ, ಉಪ್ಪಿಗೆ ಬಡತನ” ಎಂಬ ಗಾದೆ ವಿಹಾರನೌಕೆಗೆ ಬಹಳ ಚೆನ್ನಾಗಿ ಹೊಂದುತ್ತದೆ. ಜಾಹೀರಾತಿನಲ್ಲಿ ದಪ್ಪಕ್ಷರದಿಂದ ಅಚ್ಚಾದ ದರವು ಸಾಮಾನ್ಯವಾಗಿ ಕೋಣೆಗೂ ದಿನನಿತ್ಯದ ಊಟಕ್ಕೂ ಮಾತ್ರ. ಬಂದರಿನ ಸುಂಕ, ತೆರಿಗೆ, ಸೇವಕರ ಇನಾಮು, ಪಾನೀಯಗಳು, ಅಂತರ್ಜಾಲ, ದಡಕ್ಕಿಳಿದಾಗಿನ ವಿಹಾರ, ಹಡಗಿನ ವೈದ್ಯರ ಶುಲ್ಕ, ಇವು ಬಹುತೇಕ ಬೇರೆಯಾಗಿಯೇ ಬರುತ್ತವೆ. ಒಂದು ಹಾಳೆಯಲ್ಲಿ ಇವನ್ನೆಲ್ಲ ಬರೆದು, ಒಂದೊಂದರ ಮುಂದೆಯೂ “ಸೇರಿದೆ”, “ಸೇರಿಲ್ಲ” ಎಂದು ಕಂಪನಿಯಿಂದಲೇ ಬರವಣಿಗೆಯಲ್ಲಿ ಉತ್ತರ ಪಡೆದುಕೊಳ್ಳುವುದು ಒಳ್ಳೆಯದು. ಹಾಗೆ ಮಾಡಿದ್ದರಿಂದ ನಮಗೆ ಲೆಕ್ಕದಲ್ಲಿ ಅಚ್ಚರಿಯೇನೂ ಆಗಲಿಲ್ಲ.

ಕೋಣೆಯ ಆಯ್ಕೆಯಲ್ಲಿ ನಮ್ಮ ಸೊಸೆಯ ಜಾಣತನ ಮೆಚ್ಚತಕ್ಕದ್ದಾಗಿತ್ತು. ಎತ್ತರದ ಅಂತಸ್ತಿನಲ್ಲಿ, ಮುಂದುಗಡೆಯ ಬಾಲ್ಕನಿಯ ಕೋಣೆಗಳನ್ನು ತೆಗೆದುಕೊಳ್ಳೋಣವೆಂದು ನಾನೆಂದೆ. ಅವಳು ಒಪ್ಪಲಿಲ್ಲ. ಹಡಗು ತೂಗುವಾಗ ತಕ್ಕಡಿಯ ದಂಡದಂತೆ ಎರಡು ಕೊನೆಗಳೂ ಹೆಚ್ಚು ಏರಿಳಿಯುತ್ತವೆ. ನಡುಮಧ್ಯದಲ್ಲಿಯೂ ಕೆಳ ಅಂತಸ್ತಿನಲ್ಲಿಯೂ ಅಲುಗಾಟ ಕಡಮೆ. ಇಂದಿನ ಹಡಗುಗಳ ಹೊಟ್ಟೆಯ ಎರಡು ಕಡೆಯಲ್ಲಿಯೂ ಮೀನಿನ ಈಜುರೆಕ್ಕೆಯಂಥ ಫಲಕಗಳಿರುವುದುಂಟು. ಅವು ಪಕ್ಕದಿಂದ ಪಕ್ಕಕ್ಕೆ ಹೊರಳುವುದನ್ನು ಬಹುಮಟ್ಟಿಗೆ ತಡೆಯುತ್ತವೆಯೇ ಹೊರತು, ಮೂತಿ ಎದ್ದು ಬೀಳುವುದನ್ನು ತಡೆಯಲಾರವು. ಆದಕಾರಣ ನಡುಭಾಗದಲ್ಲಿ, ಲಿಫ್ಟಿಗೆ ಸಮೀಪವಾಗಿ, ಒಂದಕ್ಕೊಂದು ಅಂಟಿದ ಮೂರು ಕೋಣೆಗಳನ್ನು ಹಿಡಿದೆವು. ಅಮ್ಮನ ಔಷಧಗಳನ್ನು ದೊಡ್ಡ ಪೆಟ್ಟಿಗೆಗೆ ಹಾಕದೆ ಕೈಚೀಲದಲ್ಲಿಯೇ ಇಟ್ಟೆವು. ಪೆಟ್ಟಿಗೆಗಳು ಕೋಣೆಗೆ ಬರುವುದು ಸಂಜೆಯಾದರೂ ಆದೀತು. ಓಕರಿಕೆಯ ಮಾತ್ರೆಗಳಲ್ಲಿ ಕೆಲವು ಮುದುಕರಿಗೆ ಮಂಪರು ತಂದು ಕಾಲು ತಪ್ಪಿಸುವುದರಿಂದ, ನಮ್ಮ ವೈದ್ಯರನ್ನು ಕೇಳಿಯೇ ಕೊಂಡೆವು. ಕಂಪನಿಗಳು ಸಾಮಾನ್ಯವಾಗಿ ಆರು ತಿಂಗಳೊಳಗಿನ ಶಿಶುಗಳನ್ನೂ, 24 ವಾರ ದಾಟಿದ ಗರ್ಭಿಣಿಯರನ್ನೂ ಹತ್ತಿಸಿಕೊಳ್ಳುವುದಿಲ್ಲ. ಅಂಥವರಿರುವ ಮನೆಯವರು ಇದನ್ನು ಮೊದಲೇ ಗಮನಿಸಬೇಕು.

ಹಡಗು ಮುಂಬಯಿಯನ್ನು ಬಿಡುವ ಮುನ್ನ ಎಲ್ಲರನ್ನೂ ಕರೆದು, ಅಪಾಯಕಾಲದಲ್ಲಿ ಯಾವ ಸ್ಥಳದಲ್ಲಿ ಕೂಡಬೇಕು, ಲೈಫ್ ಜಾಕೆಟ್ಟನ್ನು ಹೇಗೆ ತೊಡಬೇಕು ಎಂದು ತೋರಿಸಿದರು. ಕೆಲವರು ಬೇಸರದಿಂದ ಆಕಳಿಸುತ್ತಿದ್ದರು. ಆದರೆ ಈ ಪದ್ಧತಿಗಳ ಹಿಂದೆ ಅನೇಕರ ಪ್ರಾಣಗಳಿವೆ. 1912ರಲ್ಲಿ ಟೈಟಾನಿಕ್ ಮುಳುಗಿದಾಗ ಸುಮಾರು 2,200 ಜನರಿದ್ದ ಆ ಹಡಗಿನ ದೋಣಿಗಳಲ್ಲಿ 1,178 ಮಂದಿಗೆ ಮಾತ್ರ ಸ್ಥಳವಿತ್ತು. ಅದರ ಫಲವಾಗಿ 1914ರಲ್ಲಿ ಸಮುದ್ರದ ಮೇಲಣ ಜೀವರಕ್ಷಣೆಯ ಮೊದಲ ಅಂತರರಾಷ್ಟ್ರೀಯ ಒಪ್ಪಂದವಾಯಿತು. 2012ರ ಜನವರಿಯಲ್ಲಿ ಇಟಲಿಯ ತೀರದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ತಗುಲಿ 32 ಮಂದಿ ಸತ್ತಾಗ, ಅದೇ ದಿನ ಹಡಗು ಹತ್ತಿದ್ದವರಿಗೆ ಈ ಅಭ್ಯಾಸವಿನ್ನೂ ಆಗಿರಲಿಲ್ಲ. ಹೊರಡುವ ಮುನ್ನವೇ, ಇಲ್ಲವೆ ಹೊರಟ ಕೂಡಲೇ ಅಭ್ಯಾಸ ನಡೆಯಬೇಕೆಂಬ ನಿಯಮ ಬಂದುದು ಆ ಬಳಿಕ. ನಮ್ಮ ಮೊಮ್ಮಗಳು ಎಲ್ಲವನ್ನೂ ಕಣ್ಣರಳಿಸಿ ನೋಡಿ, ಮುತ್ತಜ್ಜಿಯ ಜಾಕೆಟ್ಟಿನ ಪಟ್ಟಿಯನ್ನು ತಾನೇ ಬಿಗಿದು ಕಟ್ಟಿದಳು.

ಮರುದಿನವೆಲ್ಲ ನಾಲ್ಕು ದಿಕ್ಕಿಗೂ ನೀರು. ಹಿರಿಯರ ಊಟದ ಹೊತ್ತಿಗೂ ಕಿರಿಯರ ಊಟದ ಹೊತ್ತಿಗೂ ಹೊಂದಿಕೆಯಾಗದೆ ಬೆಳಗ್ಗೆ ಸ್ವಲ್ಪ ಕಸಿವಿಸಿಯಾಯಿತು. ಹಗಲೆಲ್ಲ ಅವರವರ ಇಚ್ಛೆಯಂತೆ ಇರತಕ್ಕದ್ದು, ರಾತ್ರಿಯ ಊಟಕ್ಕೆ ಮಾತ್ರ ಎಲ್ಲರೂ ಒಂದೇ ಮೇಜಿಗೆ ಬರತಕ್ಕದ್ದು ಎಂದು ನನ್ನ ಪತ್ನಿ ಕಟ್ಟಳೆ ಮಾಡಿದಳು. ಅದರಿಂದ ಎಲ್ಲವೂ ಸರಿಹೋಯಿತು. ಏಳು ಮಂದಿಯನ್ನೂ ಹಗಲಿಡೀ ಒಂದೇ ಹಗ್ಗದಲ್ಲಿ ಕಟ್ಟಿ ಎಳೆದಾಡುವವರಿಗೆ ಹಡಗೂ ಸೆರೆಮನೆಯೇ.

ಮೂರನೆಯ ದಿನ ಬೆಳಗ್ಗೆ ಕದ್ಮತ್ ದ್ವೀಪ ಕಾಣಿಸಿತು. ಉದ್ದ ಸುಮಾರು 9 ಕಿಲೋಮೀಟರ್. ಅಗಲ ಎಲ್ಲಿಯೂ ಒಂದು ಕಿಲೋಮೀಟರಾಗದು. ಇದಕ್ಕೂ ನಮ್ಮ ನಾಡಿಗೂ ಹಳೆಯ ಬಾಂಧವ್ಯವುಂಟು. 1956ರ ನವೆಂಬರ್ 1ರಂದು ಲಕ್ಷದ್ವೀಪವು ಕೇಂದ್ರಾಡಳಿತ ಪ್ರದೇಶವಾಗುವವರೆಗೂ ಕದ್ಮತ್ ಮೊದಲಾದ ಅಮೀನ್‌ದೀವಿ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ದ್ವೀಪದವರು ತೆಂಗಿನ ನಾರಿನ ಹುರಿಯನ್ನು ಹಾಯಿದೋಣಿಗಳಲ್ಲಿ ಮಂಗಳೂರಿಗೆ ತಂದು, ಅದಕ್ಕೆ ಬದಲಾಗಿ ಅಕ್ಕಿಯನ್ನು ಒಯ್ಯುತ್ತಿದ್ದರು. ಅಂಥ ದೋಣಿಗಳನ್ನು ಬಂದರಿನಲ್ಲಿ ನೋಡಿದ ನೆನಪು ಅಮ್ಮನಿಗಿತ್ತು. “ಆ ಜನದ ಊರನ್ನು ಇಂದು ನೋಡಿದಂತಾಯಿತು” ಎಂದರು.

ಇಲ್ಲಿಯೇ ನಮ್ಮ ತಪ್ಪು ಹೊರಬಿದ್ದಿತು. ಹವಳದ ದಿಬ್ಬಗಳು ಸುತ್ತುವರಿದ ಈ ದ್ವೀಪಗಳ ದಡಕ್ಕೆ ದೊಡ್ಡ ಹಡಗು ಹೋಗಲಾರದು. ದೂರದಲ್ಲಿ ನಿಂತು, ಜನರನ್ನು ಸಣ್ಣ ದೋಣಿಗಳಲ್ಲಿ ಕಳುಹಿಸಬೇಕು. ನೀರಿನ ಮಟ್ಟದಲ್ಲಿದ್ದ ಬಾಗಿಲಿನ ಮುಂದೆ ದೋಣಿ ಒಂದು ಮೊಳ ಏರುತ್ತ ಒಂದು ಮೊಳ ಇಳಿಯುತ್ತ ಇತ್ತು. ಅದು ಮೇಲೆ ಬಂದ ಕ್ಷಣದಲ್ಲಿ ಹೆಜ್ಜೆಯನ್ನು ಇಟ್ಟುಬಿಡಬೇಕು. ಅಮ್ಮನ ಕೈಯಲ್ಲಿದ್ದ ಊರುಗೋಲನ್ನು ನೋಡಿ ಅಧಿಕಾರಿ ಮೃದುವಾಗಿಯೇ, ಆದರೆ ಖಂಡಿತವಾಗಿ ತಲೆಯಾಡಿಸಿದನು. ತಾವಾಗಿ ಹೆಜ್ಜೆ ಇಡಲಾರದವರನ್ನು ಇಳಿಸುವಂತಿಲ್ಲ, ಅದು ನಿಯಮ. ಆ ನಿಯಮ ನ್ಯಾಯವಾದುದೇ. “ಹಿರಿಯರಿಗೆ ಅನುಕೂಲವಿದೆಯೆ?” ಎಂದು ನಾವು ಕೇಳಿದ್ದೆವು, “ಇದೆ” ಎಂದು ಉತ್ತರ ಬಂದಿತ್ತು. ಹಡಗಿನ ಒಳಗೆ ಅನುಕೂಲವಿದ್ದದ್ದೂ ನಿಜ. “ಹಡಗು ಕಟ್ಟೆಗೆ ತಾಗಿ ನಿಲ್ಲುವುದೆ, ದೋಣಿಯಲ್ಲಿ ಇಳಿಯಬೇಕೆ?” ಎಂಬ ಪ್ರಶ್ನೆಯನ್ನು ನಾವು ಕೇಳಿಯೇ ಇರಲಿಲ್ಲ.

ನಾನು ಕೋಪದಿಂದ ಏನೋ ಹೇಳಲು ಹೊರಟೆ. ಮಗನ ಮುಖ ಸಣ್ಣದಾಯಿತು. ಒಂದು ವರ್ಷದಿಂದ ಹಣ ಕೂಡಿಟ್ಟವನು ಅವನು. “ನೀವೆಲ್ಲ ಹೋಗಿ ಬನ್ನಿ, ನಾನಿಲ್ಲಿ ಕುಳಿತಿರುತ್ತೇನೆ” ಎಂದು ಅಮ್ಮ ಹೇಳಿದರೆ, “ಯಾರೂ ಹೋಗುವುದು ಬೇಡ” ಎಂದು ನಾನೆಂದೆ. ಹಿಂದೆ ಜನ ಸಾಲುಗಟ್ಟಿ ನಿಂತಿದ್ದರು. ಅಷ್ಟರಲ್ಲಿ ಮೊಮ್ಮಗಳು ತನ್ನ ಜಾಕೆಟ್ಟನ್ನು ಬಿಚ್ಚಿ ಪಕ್ಕಕ್ಕಿಟ್ಟು, ಮುತ್ತಜ್ಜಿಯ ಕೈ ಹಿಡಿದುಕೊಂಡು, “ದೋಣಿ ಸಂಜೆಯವರೆಗೂ ಬರುತ್ತಲೇ ಇರುತ್ತದೆಯಂತೆ, ಅರ್ಧ ಜನ ಈಗ, ಅರ್ಧ ಜನ ಮಧ್ಯಾಹ್ನ” ಎಂದಳು. ದೊಡ್ಡವರಾರಿಗೂ ಹೊಳೆಯದಿದ್ದ ಮಾತು. ಮಗ, ಸೊಸೆ, ಮೊಮ್ಮಗ ಮೊದಲು ಹೋದರು. ನಾವು ಉಳಿದವರು ಅಮ್ಮನನ್ನು ಮೇಲಂತಸ್ತಿನ ನೆರಳಿಗೆ ಕರೆದೊಯ್ದೆವು.

ಅಲ್ಲಿ ಕುಳಿತು ಅಮ್ಮ ಹೇಳಿದ ಕಥೆಯನ್ನು ಅರವತ್ತು ದಾಟಿದ ನಾನೂ ಅದುವರೆಗೆ ಪೂರ್ತಿಯಾಗಿ ಕೇಳಿರಲಿಲ್ಲ. ಪಣಂಬೂರಿನ ಹೊಸ ಬಂದರು ಉದ್ಘಾಟನೆಯಾದದ್ದು 1975ರಲ್ಲಿ. ಅದಕ್ಕೆ ಮುಂಚೆ ಮಂಗಳೂರಿನ ಹಳೆಯ ಬಂದರಿನ ನೀರು ಆಳವಿಲ್ಲದ್ದರಿಂದ ಸ್ಟೀಮರು ಹೊರಗಡಲಿನಲ್ಲಿ ನಿಲ್ಲುತ್ತಿತ್ತು. ಅಲ್ಲಿಯೂ ಹೀಗೆಯೇ ದೋಣಿ. ಅಮ್ಮನ ತಾಯಿ ಅಳುತ್ತಿದ್ದರಂತೆ. ಏಕೆಂದರೆ ಹಿಂದಿನ ವರ್ಷವಷ್ಟೇ, 1947ರ ಜುಲೈ 17ರಂದು, ಮುಂಬಯಿಯಿಂದ ರೇವಸಕ್ಕೆ ಹೊರಟ ‘ರಾಮದಾಸ’ ಎಂಬ ಸ್ಟೀಮರು ಮುಳುಗಿ 600ಕ್ಕೂ ಹೆಚ್ಚು ಜನ ಸತ್ತಿದ್ದರು. ಹುಡುಗಿ ಹೆದರಿ ದೋಣಿಯ ಅಂಚನ್ನು ಬಿಡದೆ ಇದ್ದಾಗ, ದೋಣಿಯವನೊಬ್ಬನು ಅವಳನ್ನು ಎತ್ತಿ, ಅಲೆ ಮೇಲೆದ್ದ ಸಮಯಕ್ಕೆ ಸರಿಯಾಗಿ ಹಡಗಿನ ಮೆಟ್ಟಿಲಿನ ಮೇಲೆ ನಿಂತಿದ್ದ ತಂದೆಯ ಕೈಗೆ ದಾಟಿಸಿದನಂತೆ. “ಆಗ ಅಪ್ಪನ ಕೈ ನಡುಗುತ್ತಿತ್ತು, ನಾನು ಅದನ್ನು ಯಾರಿಗೂ ಹೇಳಲಿಲ್ಲ” ಎಂದು ಅಮ್ಮ 75 ವರ್ಷಗಳ ಮೇಲೆ ಮರಿಮಗಳಿಗೆ ಹೇಳಿದರು.

ಮಧ್ಯಾಹ್ನ ಮೊದಲ ತಂಡ ಹಿಂದಿರುಗಿತು. ಹವಳದ ಚೂರನ್ನು ಎತ್ತಿ ತರುವುದು ಅಲ್ಲಿ ದಂಡಾರ್ಹವಾದ ಅಪರಾಧವೆಂದು ತಿಳಿದು, ಮೊಮ್ಮಗ ಬರಿಗೈಯಲ್ಲಿ ಬಂದಿದ್ದನು. ಅದರ ದುಃಖಕ್ಕೆ ಪರಿಹಾರವಾಗಿ ಮರಳು ಮೆತ್ತಿದ ಕಾಲುಗಳನ್ನು ತೊಳೆಯಗೊಡದೆ ನೇರವಾಗಿ ಓಡಿ ಬಂದು ಮುತ್ತಜ್ಜಿಯ ಮಡಿಲಿನಲ್ಲಿಟ್ಟನು. ಆಮೇಲೆ ನಾನೂ ಪತ್ನಿಯೂ ಮೊಮ್ಮಗಳೂ ಹೋಗಿ ಬಂದೆವು.

ಆ ರಾತ್ರಿ ಊಟದ ಮೇಜಿನಲ್ಲಿ ನಾನು ಅಮ್ಮನ ಕ್ಷಮೆ ಕೇಳಿದೆ. ಅವರು ಆಶ್ಚರ್ಯಪಟ್ಟರು. “ದ್ವೀಪಕ್ಕೆ ಇಳಿಯಬೇಕೆಂದು ನಾನು ಎಂದು ಹೇಳಿದ್ದೆ? ಹಡಗು ಹತ್ತಬೇಕೆಂದೆ, ಹತ್ತಿದೆ. ಇಳಿಯುವ ಚಿಂತೆಯೆಲ್ಲ ನಿಮ್ಮದು” ಎಂದು ಹೇಳಿ ಮೊಸರನ್ನ ಕಲಸಿಕೊಂಡರು.

ವಾಚಕರು ಇಂಥ ಪ್ರಯಾಣಕ್ಕೆ ಹೊರಡುವುದಾದರೆ ಮಳೆಗಾಲವನ್ನು ಬಿಟ್ಟು, ನವೆಂಬರಿನಿಂದ ಫೆಬ್ರವರಿಯೊಳಗೆ ಹೊರಡಲಿ. ಆಗ ಅರಬ್ಬೀ ಸಮುದ್ರ ಶಾಂತವಾಗಿರುವುದೇ ಹೆಚ್ಚು. ಲಕ್ಷದ್ವೀಪಕ್ಕೆ ಹೋಗಲು ಭಾರತೀಯರಿಗೂ ಅನುಮತಿಪತ್ರ ಬೇಕೆಂಬುದನ್ನು ಮರೆಯದಿರಲಿ. ಹೊಸ ಕಂಪನಿಯನ್ನು ಹಡಗಿನ ಸಂಖ್ಯೆ, ಒಟ್ಟು ಖರ್ಚು, ಕೋಣೆಯ ಸ್ಥಾನ, ವೈದ್ಯರ ಏರ್ಪಾಟು, ಪ್ರತಿಯೊಂದು ನಿಲುಗಡೆಯಲ್ಲಿಯೂ ಇಳಿಯುವ ಬಗೆ, ಈ ಐದನ್ನೂ ಬಿಡಿಬಿಡಿಯಾಗಿ ಕೇಳಲಿ. ಅದಕ್ಕೂ ಮುಂಚೆ, ಯಾರ ಸಂತೋಷಕ್ಕಾಗಿ ಹೊರಡುವೆವೋ ಆ ಹಿರಿಯರನ್ನು ಬಳಿಯಲ್ಲಿ ಕೂರಿಸಿಕೊಂಡು, ಅವರಿಗೆ ನಿಜವಾಗಿ ಬೇಕಾದುದೇನೆಂದು ಒಂದು ಮಾತು ಕೇಳಲಿ. ನಾವು ಕಂಪನಿಗೆ ಹನ್ನೆರಡು ಪತ್ರ ಬರೆದಿದ್ದೆವು. ಅಮ್ಮನನ್ನು ಒಮ್ಮೆಯೂ ಕೇಳಿರಲಿಲ್ಲ.