ಬರೀ ಸಹಿ ಸಾಕಾಗಲ್ಲ

ಎಂಜಿನಿಯರಿಂಗ್ ಸೇರಿದ ಮೇಲೆ ನಾನು ಸಹಿಗಾಗಿ ಅಲೆದಷ್ಟು ಯಾವ ಸಿನಿಮಾ ಅಭಿಮಾನಿಯೂ ಅಲೆದಿರಲಿಕ್ಕಿಲ್ಲ. ಲ್ಯಾಬ್ ರೆಕಾರ್ಡಿಗೆ, ಅಬ್ಸರ್ವೇಷನ್ ಬುಕ್ಕಿಗೆ, ಅಟೆಂಡೆನ್ಸ್ ಕಮ್ಮಿಯಾದಾಗ ಹೆಚ್‌ಒಡಿ ರೂಮಿನ ಮುಂದೆ. ಅಷ್ಟು ಕಷ್ಟಪಟ್ಟು ಹಾಕಿಸಿಕೊಂಡ ಸಹಿಗಳೆಲ್ಲ ಸೆಮಿಸ್ಟರ್ ಮುಗಿದ ಮೇಲೆ ಹಳೇ ಪೇಪರಿನವನ ತಕ್ಕಡಿಗೆ ಹೋದವು.

ಆಟೋಗ್ರಾಫ್ ಅಂದ್ರೆ ನಮ್ಮ ಬ್ಯಾಚಿನವರಿಗೆ ಸುದೀಪ್ ಅವರ ‘ಮೈ ಆಟೋಗ್ರಾಫ್’ ಸಿನಿಮಾ. 2006ರದ್ದು, ಹೆಚ್ಚುಕಡಿಮೆ ನಮ್ಮದೇ ವಯಸ್ಸು. ನನಗೂ ಗೊತ್ತಿದ್ದದ್ದು ಅಷ್ಟೇ, ದಸರಾ ರಜೆಯಲ್ಲಿ ಅಟ್ಟ ಕ್ಲೀನ್ ಮಾಡುವಾಗ ಅಮ್ಮನ ಪಿಯುಸಿ ಕಾಲದ ಆಟೋಗ್ರಾಫ್ ಪುಸ್ತಕ ಸಿಗುವವರೆಗೆ. ಅಂಗೈ ಅಗಲದ ಪುಸ್ತಕ. ಗುಲಾಬಿ, ಹಳದಿ, ತಿಳಿ ಹಸಿರು ಹಾಳೆಗಳು. ನಾನು ಮೊದಲಿಂದ ಇಂಗ್ಲಿಷ್ ಮೀಡಿಯಂ. ಅಚ್ಚಾದ ಕನ್ನಡ ಸಲೀಸಾಗಿ ಓದ್ತೀನಿ, ಕೈಬರಹ ಅಂದ್ರೆ ಬೆರಳಿಟ್ಟುಕೊಂಡೇ ಓದ್ಬೇಕು. ಮುಕ್ಕಾಲು ಪಾಲು ಪುಟಗಳಲ್ಲಿ ಪ್ರಾಸದ ಸಾಲುಗಳು: ಸ್ನೇಹ, ಹೂವು, ದೋಣಿ, ಕಡಲು. ಒಂದೇ ಪದ್ಯ ಮೂರು ಕಡೆ ಇತ್ತು. ಕಾಪಿ ಪೇಸ್ಟ್ ಕಂಡುಹಿಡಿದವರು ನಾವಲ್ಲ ಬಿಡಿ. ಬರೆದವರು ಯಾರು ಅಂತ ಕೇಳಿದ್ರೆ ಅಮ್ಮನಿಗೆ ಅರ್ಧ ಜನ ನೆನಪಾಗಲಿಲ್ಲ.

ಒಂದು ಪುಟದಲ್ಲಿ ಮಾತ್ರ ಬೇರೇನೋ ಇತ್ತು. “ಬಸ್ ಚಾರ್ಜಿಗೆ ಕೊಟ್ಟ ಎರಡೂವರೆ ರೂಪಾಯಿ ಇನ್ನೂ ಬಂದಿಲ್ಲ. ಕೊಡುವ ತನಕ ನನ್ನನ್ನು ಮರೆಯುವ ಹಾಗಿಲ್ಲ.” ಕೆಳಗೆ ಹೆಸರು, ಊರಿನ ವಿಳಾಸ. ಓದಿ ಹೇಳಿದ ಕೂಡಲೇ ಅಮ್ಮ ಜೋರಾಗಿ ನಕ್ಕಳು. ಆಮೇಲೆ ಪುಸ್ತಕ ಇಸ್ಕೊಂಡು ಆ ಪುಟವನ್ನೇ ನೋಡುತ್ತಾ ಕೂತಳು. ಪಾಸ್ ಮರೆತು ಬಂದದ್ದು, ಕಂಡಕ್ಟರ್ ಇಳಿಸೋಕೆ ಹೊರಟದ್ದು, ಹೊರಗೆ ಮಳೆ ಸುರೀತಿದ್ದದ್ದು, ಎಲ್ಲಾ ಬಂತು. ಆ ಗೆಳತಿ ಮದುವೆಯಾಗಿ ಹೋದವರು ಈಗ ಎಲ್ಲಿದ್ದಾರೋ ಅಮ್ಮನಿಗೆ ಗೊತ್ತಿಲ್ಲ. ಬಾಕಿ ಹಾಗೇ ಇದೆ.

ಸತ್ಯಜಿತ್ ರೇ ಹುಡುಗನಾಗಿದ್ದಾಗ ತಾಯಿಯ ಜೊತೆ ಶಾಂತಿನಿಕೇತನಕ್ಕೆ ಹೋಗಿ ಟಾಗೋರರ ಮುಂದೆ ಹೊಸ ಪುಸ್ತಕ ಹಿಡಿದಿದ್ದರು. ಟಾಗೋರರು ಸಹಿ ಗೀಚಿ ಕಳಿಸಿಬಿಡಲಿಲ್ಲ. ಪುಸ್ತಕ ತಮ್ಮ ಹತ್ತಿರ ಇಟ್ಟುಕೊಂಡು, ಮರುದಿನ ಆ ಹುಡುಗನಿಗೆಂದೇ ಒಂದು ಪುಟ್ಟ ಪದ್ಯ ಬರೆದು ಕೊಟ್ಟರು. ಅಷ್ಟು ದೊಡ್ಡ ಕವಿಗೇ ಬರೀ ಹೆಸರು ಸಾಕು ಅನ್ನಿಸಲಿಲ್ಲ, ನೋಡಿ.

ಸೆಲ್ಫಿ ಇರುವಾಗ ಇದೆಲ್ಲಾ ಯಾಕೆ ಅಂತ ರೂಮ್‌ಮೇಟ್ ಕೇಳ್ತಾನೆ. 2023ರ ಐಪಿಎಲ್‌ನಲ್ಲಿ ಸುನಿಲ್ ಗವಾಸ್ಕರ್ ಚೆಪಾಕ್ ಮೈದಾನದಲ್ಲಿ ಧೋನಿಯ ಹತ್ತಿರ ಹೋಗಿ ತಮ್ಮ ಅಂಗಿ ಮೇಲೆ ಸಹಿ ಹಾಕಿಸಿಕೊಂಡರು. ಸುತ್ತ ಅಷ್ಟೊಂದು ಕ್ಯಾಮೆರಾ ಇದ್ದವು, ಫೋಟೋಗೇನು ಬರವೇ? ಸೆಲ್ಫಿಯಲ್ಲಿ ಇಬ್ಬರೂ ಫೋನ್ ನೋಡ್ತಾರೆ. ಬರೆಯುವವರು ಒಂದು ನಿಮಿಷವಾದ್ರೂ ನಿಮಗಾಗಿ ತಲೆ ತಗ್ಗಿಸಬೇಕು. ಅದೂ ಬರೀ ಸಹಿ ತಾನೇ ಅಂದ್ರೆ, ಹೌದು. ಆದ್ರೆ ಗವಾಸ್ಕರ್ ಮತ್ತು ಧೋನಿ ನಾಲ್ಕು ವರ್ಷ ಒಂದೇ ಮೆಸ್ಸಿನಲ್ಲಿ ಉಂಡವರಲ್ಲ.

ನಮ್ಮ ಸ್ಕ್ರಿಬಲ್ ಡೇ ಮೇಲೆ ನನ್ನ ತಕರಾರು ಇದೇ. ಫೈನಲ್ ಇಯರಿನವರು ಬಿಳಿ ಟೀ ಶರ್ಟ್ ಹಾಕ್ಕೊಂಡು ಬರ್ತಾರೆ, ನಾವು ಮಾರ್ಕರ್ ಹಿಡಿದು ಬೆನ್ನ ಮೇಲೆ ಗೀಚ್ತೀವಿ. ‘ಆಲ್ ದಿ ಬೆಸ್ಟ್’, ‘ಮಿಸ್ ಯೂ ಮಚಾ’. ಬರೆದವರು ಯಾರು ಅಂತ ಹಾಕ್ಕೊಂಡವರಿಗೆ ಕಾಣಲ್ಲ. ಒಗೆದ್ರೆ ಮಾರ್ಕರ್ ಕಲೆ, ಒಗೆಯದಿದ್ರೆ ಬೆವರಿನ ಕಲೆ. ಕಳೆದ ವರ್ಷ ಒಬ್ಬ ಸೀನಿಯರ್ ಅಣ್ಣನ ಬೆನ್ನ ಮೇಲೆ ನಾನೂ ಬರೆದೆ: ನನ್ನ ಹೆಸರು, ಒಂದು ಸ್ಮೈಲಿ. ಫಸ್ಟ್ ಸೆಮ್ ಮ್ಯಾಥ್ಸ್ ಪರೀಕ್ಷೆಯ ಹಿಂದಿನ ರಾತ್ರಿ ನನ್ನನ್ನು ಮೆಸ್ಸಿನಲ್ಲಿ ಕೂರಿಸಿಕೊಂಡು ಬೆಳಗಿನ ಮೂರರ ತನಕ ಇಂಟಿಗ್ರೇಷನ್ ಹೇಳಿಕೊಟ್ಟವರು ಅವರು. ಮರುದಿನ ಅವರಿಗೂ ಪೇಪರ್ ಇತ್ತು ಅಂತ ನನಗೆ ಆಮೇಲೆ ಗೊತ್ತಾಯ್ತು. ಅದನ್ನು ಬರೀಬಹುದಿತ್ತು. ಕೈಯಲ್ಲಿ ಮಾರ್ಕರ್ ಇತ್ತು, ಜಾಗವೂ ಇತ್ತು. ಈಗ ಅವರು ಪುಣೆಯಲ್ಲಿದ್ದಾರೆ, ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಸಿಗ್ತಾರೆ.

ಈ ಸಲ ಟೀ ಶರ್ಟ್ ಬೇಡ ಅಂತ ನಾನು ಹೇಳ್ತಿಲ್ಲ, ಹೇಳಿದ್ರೆ ಕೇಳೋರೂ ಇಲ್ಲ. ಜೊತೆಗೆ ಒಂದು ಪುಸ್ತಕವೂ ಇರಲಿ. ನಾನೊಂದು ತಗೊಂಡಿದ್ದೀನಿ, ಹೊರಡುವ ಸೀನಿಯರುಗಳ ಹತ್ತಿರ ತರ್ತೀನಿ. ಪ್ರಾಸ ಬೇಡ, ನಡೆದದ್ದು ಒಂದು ಬರೀರಿ. ಕನ್ನಡದಲ್ಲಿ ಬರೆದ್ರೆ ಖುಷಿ, ಬೆರಳಿಟ್ಟು ಓದ್ಕೊಳ್ತೀನಿ. ಕ್ಯಾಂಟೀನ್ ಬಾಕಿ ಏನಾದ್ರೂ ಇದ್ರೆ ಅದನ್ನೂ ಬರೀರಿ.