ಕಪ್ಪು ಬಣ್ಣ ಯಾವ ವಿಭಾಗಕ್ಕೆ ಸೇರಿದ್ದು?

ಸಾರ್ವಜನಿಕ ಹಣದಿಂದ ನಡೆಯುವ ಸಂಶೋಧನೆಯಿಂದ ಸಮಾಜಕ್ಕೆ ಏನು ಪ್ರಯೋಜನ ಎಂದು ಕೇಳುವ ಹಕ್ಕು ತೆರಿಗೆ ಕಟ್ಟುವ ಪ್ರತಿಯೊಬ್ಬರಿಗೂ ಇದೆ. ಆದರೆ ಆ ಪ್ರಶ್ನೆಗೆ ಉತ್ತರ ಹುಡುಕುವ ವಿಧಾನ ತಪ್ಪಿದರೆ ಪ್ರಶ್ನೆಯೇ ಅನರ್ಥಕ್ಕೆ ದಾರಿಯಾಗುತ್ತದೆ. 2024ರ ಡಿಸೆಂಬರ್‌ನಲ್ಲಿ ನ್ಯೂಜಿಲೆಂಡ್ ಸರ್ಕಾರ ಕೈಗೊಂಡ ಒಂದು ತೀರ್ಮಾನ ಇದಕ್ಕೆ ನಿದರ್ಶನ. ಮೂಲ ಸಂಶೋಧನೆಗೆಂದು 1994ರಲ್ಲಿ ಸ್ಥಾಪನೆಯಾದ ಅಲ್ಲಿನ ಮಾರ್ಸ್‌ಡನ್ ನಿಧಿಯಿಂದ ಮಾನವಿಕ ಹಾಗೂ ಸಮಾಜ ವಿಜ್ಞಾನಗಳನ್ನು ಕೈಬಿಡುವುದಾಗಿಯೂ, ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ, ಎಂಜಿನಿಯರಿಂಗ್‌ನಂತಹ ವಿಷಯಗಳಿಗೆ ಆದ್ಯತೆ ನೀಡುವುದಾಗಿಯೂ, ಅನುದಾನದ ಸುಮಾರು ಅರ್ಧ ಭಾಗವನ್ನು ದೇಶಕ್ಕೆ ಆರ್ಥಿಕ ಲಾಭ ತರಬಲ್ಲ ಯೋಜನೆಗಳಿಗೆ ಕೊಡುವುದಾಗಿಯೂ ಅದು ಪ್ರಕಟಿಸಿತು.

ಸರ್ಕಾರಿ ಸೇವೆಯಲ್ಲಿ ಬಹುಕಾಲ ಅನುದಾನದ ಕಡತಗಳೊಡನೆಯೇ ಕಳೆದ ನನಗೆ ಈ ಮನೋಧರ್ಮ ಅಪರಿಚಿತವಲ್ಲ. ಹಣ ಸೀಮಿತವಾಗಿರುವಾಗ ಒಂದಕ್ಕೆ ಕೊಟ್ಟರೆ ಇನ್ನೊಂದಕ್ಕೆ ಇಲ್ಲವಾಗುತ್ತದೆ. ಅರ್ಥಶಾಸ್ತ್ರದ ಮೊದಲ ಪಾಠವೇ ಅದು. ಆಡಳಿತಗಾರ ಗೆರೆ ಎಳೆಯಲೇಬೇಕು. ಆದರೆ ‘ಉಪಯುಕ್ತ ವಿಜ್ಞಾನ’ ಮತ್ತು ‘ಅಲಂಕಾರದ ಸಂಸ್ಕೃತಿ’ ಎಂಬ ಎರಡು ಕಂಬಗಳ ನಡುವೆ ಎಳೆದ ಗೆರೆ ಎಷ್ಟು ದುರ್ಬಲ ಎಂಬುದನ್ನು ಅರಿಯಲು ಅದೇ ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿ ಜನರ ಉಡುಗೆಯನ್ನು ನೋಡಿದರೆ ಸಾಕು.

ಮಾವೊರಿಗಳು ಹರಕೆಕೆ ಎಂಬ ಗಿಡದ ಉದ್ದನೆಯ ಎಲೆಗಳಿಂದ ನಾರು ತೆಗೆದು ಹೊದಿಕೆಗಳನ್ನೂ ಸೊಂಟದ ಉಡುಗೆಗಳನ್ನೂ ನೇಯುತ್ತಾರೆ. ಅವುಗಳ ಅಂದ ಹೆಚ್ಚಿಸುವುದು ಕಡುಕಪ್ಪು ಎಳೆಗಳು. ಆ ಕಪ್ಪನ್ನು ಪಡೆಯುವ ಬಗೆ ಹೀಗೆ: ಮರದ ತೊಗಟೆಯನ್ನು ಕುದಿಸಿ ತೆಗೆದ ಒಗರು ರಸದಲ್ಲಿ ನಾರನ್ನು ನೆನೆಸುತ್ತಾರೆ, ಬಳಿಕ ‘ಪಾರು’ ಎಂದು ಕರೆಯುವ, ಕಬ್ಬಿಣದ ಅಂಶ ತುಂಬಿದ ಜವುಗು ಮಣ್ಣಿನಲ್ಲಿ ಅದನ್ನು ಹೂಳುತ್ತಾರೆ. ತೊಗಟೆಯ ಟ್ಯಾನಿನ್ ಮಣ್ಣಿನ ಕಬ್ಬಿಣದೊಡನೆ ಸೇರಿ ನಾರು ಕಪ್ಪಾಗುತ್ತದೆ. ಬಾಳೆಕಾಯಿ ಹೆಚ್ಚಿದ ಈಳಿಗೆಮಣೆಯ ಅಲಗು ಕಪ್ಪಾಗುವುದನ್ನು ನಮ್ಮ ಅಡುಗೆಮನೆಗಳಲ್ಲಿ ಎಲ್ಲರೂ ಕಂಡಿದ್ದೇವೆ. ಇದೂ ಅದೇ ಕ್ರಿಯೆ.

ಆದರೆ ಈ ಕಪ್ಪು ತನ್ನನ್ನು ಹೊತ್ತ ನಾರನ್ನೇ ತಿನ್ನುತ್ತದೆ. ಬಣ್ಣದಲ್ಲಿ ಉಳಿದ ಆಮ್ಲ ನಾರಿನ ಸೆಲ್ಯುಲೋಸನ್ನು ತುಂಡರಿಸುತ್ತದೆ. ಕಬ್ಬಿಣವು ಗಾಳಿಯ ಆಮ್ಲಜನಕದಿಂದ ಆಗುವ ಕ್ಷಯವನ್ನು ಚುರುಕುಗೊಳಿಸುತ್ತದೆ. ವಸ್ತುಸಂಗ್ರಹಾಲಯಗಳಲ್ಲಿರುವ ಹಳೆಯ ಹೊದಿಕೆಗಳಲ್ಲಿ ಬಿಳಿ ಎಳೆಗಳು ಗಟ್ಟಿಯಾಗಿರುವಾಗಲೇ ಕಪ್ಪು ಎಳೆಗಳು ಪುಡಿಪುಡಿಯಾಗಿ ಉದುರುತ್ತವೆ. ಯುರೋಪಿನ ಹಳೆಯ ಕಾಗದಪತ್ರಗಳಲ್ಲಿ ಕಬ್ಬಿಣದ ಮಸಿಯಿಂದ ಬರೆದ ಅಕ್ಷರಗಳ ಜಾಗದಲ್ಲಿ ತೂತು ಬೀಳುವುದೂ, ನಮ್ಮ ಕೋರಮಂಡಲ ತೀರದಿಂದ ಹೋದ ಚಿತ್ತಾರದ ಬಟ್ಟೆಗಳಲ್ಲಿ ಕಪ್ಪು ರೇಖೆಗಳು ಸವೆದುಹೋಗಿರುವುದೂ ಇದೇ ಕಾರಣದಿಂದ.

ಇದಕ್ಕೆ ಪರಿಹಾರ ಹುಡುಕಲು ಮಣ್ಣಿನ ಗುಣ ಬಲ್ಲವರು ಬೇಕಾಯಿತು. ಕ್ಷಯದ ವೇಗ ಅಳೆಯುವ ರಸಾಯನ ವಿಜ್ಞಾನಿಗಳು ಬೇಕಾಯಿತು. ನಾರು ಎಳೆತವನ್ನು ಎಷ್ಟು ತಾಳುತ್ತದೆ ಎಂದು ಪರೀಕ್ಷಿಸುವ ಎಂಜಿನಿಯರಿಂಗ್ ಕೌಶಲ ಬೇಕಾಯಿತು. ಯಾವ ಜವುಗಿನ ಮಣ್ಣು ಒಳ್ಳೆಯದು, ಎಷ್ಟು ಹೊತ್ತು ಹೂಳಬೇಕು ಎಂಬುದನ್ನು ತಲೆಮಾರುಗಳಿಂದ ಬಲ್ಲ ನೇಕಾರರಂತೂ ಬೇಕೇ ಬೇಕಾಯಿತು. ಈ ಕ್ಷೇತ್ರದಲ್ಲಿ ಕೆಲಸ ಮಾಡಿದ ರಂಗಿ ತೆ ಕಾನವಾ ಅವರು ಹೆಸರಾಂತ ನೇಕಾರ ಮನೆತನದವರು. ತಾಯಿ ಡಿಗ್ಗರೆಸ್ ತೆ ಕಾನವಾ ಮತ್ತು ಅಜ್ಜಿ ರಂಗಿಮಾರಿಯೆ ಹೆಟೆಟ್ ಆ ಕಲೆಯ ದಿಗ್ಗಜರು. ಮನೆಯ ವಿದ್ಯೆಯನ್ನೂ ಪ್ರಯೋಗಾಲಯದ ವಿದ್ಯೆಯನ್ನೂ ಒಬ್ಬರೇ ಕಲಿತಾಗ ಏನು ಸಾಧ್ಯ ಎಂಬುದಕ್ಕೆ ಅವರು ಉದಾಹರಣೆ. ಸಮುದ್ರ ಪಾಚಿಯಿಂದ ಪಡೆಯುವ ಆಲ್ಜಿನೇಟ್‌ನಂತಹ ದ್ರಾವಣಗಳಿಂದ ನಾರನ್ನು ಬಲಪಡಿಸುವ ಪ್ರಯೋಗಗಳು ಇಂತಹ ಕೂಡುಕೆಲಸದ ಫಲ. ಈಗ ಕೇಳೋಣ: ಈ ಅಧ್ಯಯನ ಸಂಸ್ಕೃತಿಗೆ ಸೇರಿದ್ದೋ, ರಸಾಯನವಿಜ್ಞಾನಕ್ಕೋ, ಭೂವಿಜ್ಞಾನಕ್ಕೋ? ಅರ್ಜಿ ನಮೂನೆಯಲ್ಲಿ ‘ವಿಭಾಗ’ ಎಂಬ ಅಂಕಣದ ಮುಂದೆ ಏನು ಬರೆಯಬೇಕು?

ದೂರದ ದ್ವೀಪದ ಈ ವಿಚಾರ ಶಿವಮೊಗ್ಗೆಯವರಿಗೇಕೆ ಎಂದು ಓದುಗರು ಕೇಳಬಹುದು. ಆ ಕಪ್ಪಿಗೆ ಬೇಕಾದ ಎರಡು ವಸ್ತುಗಳೂ, ಒಗರು ಮತ್ತು ಕಬ್ಬಿಣ, ಈ ಜಿಲ್ಲೆಯ ಬದುಕಿನ ಆಧಾರಗಳೇ ಆಗಿವೆ ಎಂಬುದೇ ಅದಕ್ಕೆ ಉತ್ತರ. ಎಳೆಯ ಅಡಿಕೆಯನ್ನು ಸುಲಿದು ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಕೆಂಪು ಚೊಗರು ಟ್ಯಾನಿನ್ನಿನ ಭಂಡಾರ. ಬಟ್ಟೆಗೆ ತಾಗಿದ ಚೊಗರಿನ ಕಲೆ ಹೋಗುವುದಿಲ್ಲ ಎಂದು ಮಲೆನಾಡಿನ ಗೃಹಿಣಿಯರು ಬೇಸರಿಸುತ್ತಾರೆ; ಹೋಗದಿರುವುದೇ ಬಣ್ಣಗಾರನಿಗೆ ವರ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳುತನದಲ್ಲಿ 1990ರ ದಶಕದಲ್ಲಿ ಆರಂಭವಾದ ‘ಚರಕ’ ಮಹಿಳಾ ಸಹಕಾರ ಸಂಘ ಈ ಚೊಗರನ್ನೇ ಕೈಮಗ್ಗದ ಬಟ್ಟೆಗಳಿಗೆ ಬಣ್ಣವಾಗಿಸಿತು. ಚೊಗರಿಗೆ ಕಬ್ಬಿಣ ಸೇರಿದರೆ ಬಣ್ಣ ಕಪ್ಪಿನತ್ತ ಹೊರಳುತ್ತದೆ. ತುಕ್ಕು ಹಿಡಿದ ಕಬ್ಬಿಣದ ಚೂರುಗಳನ್ನು ಬೆಲ್ಲದ ನೀರಿನಲ್ಲಿ ದಿನಗಟ್ಟಲೆ ನೆನೆಹಾಕಿ ಕರಿ ಬಣ್ಣ ಮಾಡುವ ಪದ್ಧತಿ ದಕ್ಷಿಣ ಭಾರತದ ಬಣ್ಣಗಾರರಿಗೆ ಬಹು ಹಿಂದಿನಿಂದ ಗೊತ್ತು.

ಇನ್ನು ಕಬ್ಬಿಣದ ಮಾತು. ಬಾಬಾಬುಡನ್‌ಗಿರಿ ಶ್ರೇಣಿಯ ಕಬ್ಬಿಣದ ಶಿಲೆಗಳು 250 ಕೋಟಿ ವರ್ಷಗಳಿಗೂ ಹಳೆಯವು. ಅಲ್ಲಿನ ಕೆಮ್ಮಣ್ಣುಗುಂಡಿ ತನ್ನ ಭೂವಿಜ್ಞಾನವನ್ನು ಹೆಸರಿನಲ್ಲೇ ಹೊತ್ತಿದೆ. 1894ರಲ್ಲಿ ಬ್ರೂಸ್ ಫುಟ್ ಅವರ ನೇತೃತ್ವದಲ್ಲಿ ಆರಂಭವಾದ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಇಂತಹ ಬೆಟ್ಟಗಳನ್ನು ಅಳೆದು ಪರೀಕ್ಷಿಸಿತು. ಬೆಂಕಿಪುರವೆಂಬ ಹೆಸರಿದ್ದ ಭದ್ರಾವತಿಯಲ್ಲಿ ವಿಶ್ವೇಶ್ವರಯ್ಯನವರು ಕಬ್ಬಿಣದ ಕಾರ್ಖಾನೆಯನ್ನು ಕಲ್ಪಿಸಿದಾಗ ಅವರ ಮುಂದಿದ್ದುದು ಒಂದು ವಿಭಾಗದ ವರದಿಯಲ್ಲ. ಅದಿರಿಗೆ ಭೂವಿಜ್ಞಾನಿ ಬೇಕಿತ್ತು. ಕಲ್ಲಿದ್ದಲು ಇಲ್ಲದ ನಾಡಿನಲ್ಲಿ ಕಾಡಿನ ಸೌದೆಯಿಂದ ಇದ್ದಿಲು ಸುಡಬೇಕಿದ್ದುದರಿಂದ ಅರಣ್ಯ ಬಲ್ಲವರು ಬೇಕಿತ್ತು. ಸೌದೆಯ ಹೊಗೆಯಿಂದ ಉಪ ಉತ್ಪನ್ನಗಳನ್ನು ಭಟ್ಟಿ ಇಳಿಸಲು ರಸಾಯನ ತಜ್ಞರು ಬೇಕಿತ್ತು. ಬೆಟ್ಟದ ಅದಿರನ್ನು ರೋಪ್‌ವೇ ಮೂಲಕ ಇಳಿಸಲು ಎಂಜಿನಿಯರ್‌ಗಳು ಬೇಕಿತ್ತು. 1923ರ ಜನವರಿಯಲ್ಲಿ ಅಲ್ಲಿ ಕಬ್ಬಿಣ ಹರಿಯಿತು.

ಆ ಕಾರ್ಖಾನೆ ಮೊದಲ ವರ್ಷಗಳಲ್ಲಿ ಲಾಭ ತರಲಿಲ್ಲ ಎಂಬುದನ್ನು ನೆನಪಿಡಬೇಕು. ಮಹಾಯುದ್ಧದ ನಂತರ ಬೀಡುಕಬ್ಬಿಣದ ಬೆಲೆ ಕುಸಿಯಿತು, ಟೀಕೆಗಳು ಕೇಳಿಬಂದವು. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರೇ 1923ರಿಂದ 1929ರವರೆಗೆ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಅದನ್ನು ದಡ ಮುಟ್ಟಿಸಬೇಕಾಯಿತು. 1930ರ ದಶಕದಲ್ಲಿ ಉಕ್ಕು, ಸಿಮೆಂಟ್, ಕಾಗದ ಎಲ್ಲವೂ ಆ ಊರಿನಲ್ಲಿ ತಯಾರಾಗತೊಡಗಿದವು. ಆರ್ಥಿಕ ಲಾಭ ಮೊದಲೇ ಸಾಬೀತಾಗಬೇಕೆಂಬ ನಿಯಮವನ್ನು ಅಂದೇ ಕಟ್ಟುನಿಟ್ಟಾಗಿ ಅನ್ವಯಿಸಿದ್ದರೆ ಭದ್ರಾವತಿ ಒಂದು ಹಳ್ಳಿಯಾಗಿಯೇ ಉಳಿಯುತ್ತಿತ್ತು. ಜ್ಞಾನದ ಲಾಭ ಹಣ ಹೂಡಿದವನ ಪೆಟ್ಟಿಗೆಗೇ ಮರಳುವುದಿಲ್ಲ. ಅದು ಸುತ್ತಲೂ ಚೆಲ್ಲುತ್ತದೆ, ತಡವಾಗಿ ಬರುತ್ತದೆ, ನಿರೀಕ್ಷಿಸದ ಬಾಗಿಲಿನಿಂದ ಬರುತ್ತದೆ. ಮಾರುಕಟ್ಟೆ ಅದಕ್ಕೆ ಸಾಕಷ್ಟು ಹಣ ಹೂಡದಿರಲು ಇದೇ ಕಾರಣ. ಸರ್ಕಾರ ಹೂಡಬೇಕಾಗಿರುವುದಕ್ಕೂ ಇದೇ ಸಮರ್ಥನೆ.

ಅಂಥ ಊರಿನ ಇಂದಿನ ಸ್ಥಿತಿ ಎಲ್ಲರಿಗೂ ತಿಳಿದದ್ದೇ. ಮೈಸೂರು ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ತೆಕ್ಕೆಗೆ ಹೋಯಿತು; ಅದಕ್ಕೆ ನೂರು ತುಂಬಿದ 2023ರ ಜನವರಿಯಲ್ಲೇ ಮುಚ್ಚುವ ನಿರ್ಧಾರ ಹೊರಬಿತ್ತು. ಕಾರ್ಮಿಕರ ಹೋರಾಟ, ಪುನಶ್ಚೇತನದ ಭರವಸೆ ಇವೆಲ್ಲ ಅದರ ಬೆನ್ನಿಗೇ ಬಂದವು. ಕುಲುಮೆಗಳ ಭವಿಷ್ಯದ ಬಗ್ಗೆ ಸಾಕಷ್ಟು ಮಾತನಾಡಿದ್ದೇವೆ. ಆದರೆ ಒಂದು ಕಾರ್ಖಾನೆ ನಿಂತಾಗ ಅದರೊಡನೆ ನಶಿಸುವ ತಿಳಿವಳಿಕೆಯ ಬಗ್ಗೆ ಮಾತನಾಡಿದವರು ಕಡಿಮೆ. ಅದಿರಿನಲ್ಲಿ, ಬೂದಿಯಲ್ಲಿ, ನೀರಿನಲ್ಲಿ ಕಬ್ಬಿಣದ ಅಂಶ ಎಷ್ಟೆಂದು ಅಳೆಯುವುದರಲ್ಲಿ ಒಂದು ಶತಮಾನ ಪಳಗಿದ ಊರು ಅದು. ಆ ಕೈಗಳು ನಿವೃತ್ತವಾಗಿ ಮನೆ ಸೇರುತ್ತಿವೆ. ಹೆಗ್ಗೋಡಿನ ಬಣ್ಣದ ಹಂಡೆಗೂ ಭದ್ರಾವತಿಯ ಈ ವಿದ್ಯೆಗೂ ಮಾತುಕತೆ ನಡೆದಿದ್ದರೆ ಒಂದು ಸರಳ ಪ್ರಶ್ನೆಯನ್ನು ಕೇಳಬಹುದಿತ್ತು: ಚೊಗರಿನ ಕಪ್ಪು ಬಟ್ಟೆಯಲ್ಲಿ ಎಷ್ಟು ಕಬ್ಬಿಣವಿದ್ದರೆ ಬಣ್ಣವೂ ನಿಲ್ಲುತ್ತದೆ, ನೂಲೂ ಬಾಳುತ್ತದೆ? ಕೈಮಗ್ಗದ ಸೀರೆಗೆ ಹೆಚ್ಚು ಬೆಲೆ ತೆರುವ ಗ್ರಾಹಕನಿಗೆ ಇದು ತಿಳಿಯಬೇಕಾದ ವಿಷಯ; ಅದನ್ನು ನೇಯುವ ಹೆಣ್ಣುಮಗಳಿಗೆ ಅನ್ನದ ಪ್ರಶ್ನೆ.

ಮತ್ತೊಂದು ಕರಿ ಬಟ್ಟೆಯೂ ಈ ಜಿಲ್ಲೆಯಲ್ಲಿದೆ. ಕಚೇರಿಯ ಫೈಲಿಗೆ ನಾವಿಂದು ‘ಕಡತ’ ಎನ್ನುತ್ತೇವೆ. ಮೂಲದಲ್ಲಿ ಕಡತವೆಂದರೆ ಹತ್ತಿ ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಪುಸ್ತಕ. ಅದರ ಮೇಲೆ ಬಳಪದ ಕಲ್ಲಿನಿಂದ ಬರೆಯುತ್ತಿದ್ದರು. ಮಠಗಳ, ವರ್ತಕರ, ಅರಸರ ಲೆಕ್ಕಗಳು ಹೀಗೆ ಉಳಿದು ಬಂದವು. ಶಿವಪ್ಪ ನಾಯಕನ ‘ಶಿಸ್ತು’ ಎಂಬ ಭೂಕಂದಾಯ ವ್ಯವಸ್ಥೆಯಿಂದ ಹೆಸರಾದ ಕೆಳದಿ ಸಂಸ್ಥಾನದ ಕಾಲದ ದಾಖಲೆಗಳು ಕೆಳದಿಯ ವಸ್ತುಸಂಗ್ರಹಾಲಯದಲ್ಲಿವೆ. ಅದು ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದೆ. ಕಡತದ ಕಪ್ಪು ಇದ್ದಿಲಿನದಾದ್ದರಿಂದ ಮಾವೊರಿ ಕಪ್ಪಿನಂತೆ ಬಟ್ಟೆಯನ್ನು ತಿನ್ನದು. ಅದರ ಶತ್ರುಗಳು ಬೇರೆ: ಅಂಟಿಗೆ ಬರುವ ಹುಳು, ಬಿರಿಯುವ ಮಡಿಕೆ, ಉಜ್ಜಿದರೆ ಅಳಿಯುವ ಬಳಪದ ಅಕ್ಷರ. ಅಕ್ಷರವನ್ನು ಇತಿಹಾಸಕಾರ ಓದಬಲ್ಲ. ಅದನ್ನು ಬಟ್ಟೆಯ ಮೇಲೆ ನಿಲ್ಲಿಸಲು ಕಲ್ಲು, ನೂಲು, ಅಂಟು ಮೂರನ್ನೂ ಬಲ್ಲವರು ಬೇಕು.

ಬಡ ದೇಶಕ್ಕೆ ಈ ವಿಲಾಸವೇಕೆ, ಮೊದಲು ಆಸ್ಪತ್ರೆ ಮತ್ತು ಶಾಲೆ ಆಗಲಿ ಎಂಬ ಆಕ್ಷೇಪ ಬರುತ್ತದೆ. ಇದು ಹಗುರವಾಗಿ ತಳ್ಳಿಹಾಕುವ ಆಕ್ಷೇಪವಲ್ಲ. 2020-21ರಲ್ಲಿ ನಮ್ಮ ದೇಶ ಸಂಶೋಧನೆ ಮತ್ತು ಅಭಿವೃದ್ಧಿಗೆ ವ್ಯಯಿಸಿದ್ದು ಒಟ್ಟು ದೇಶೀಯ ಉತ್ಪನ್ನದ ಶೇ 0.64ರಷ್ಟು ಮಾತ್ರ. ಇಷ್ಟು ಕಡಿಮೆ ಹಣವಿರುವಾಗಲೇ ಅದನ್ನು ಗೋಡೆಗಳೊಳಗೆ ಹಂಚಿ ವ್ಯರ್ಥ ಮಾಡಬಾರದು ಎನ್ನುವುದು ನನ್ನ ವಾದ. ನಾನು ಇಲ್ಲಿ ಹೇಳುತ್ತಿರುವ ಕೆಲಸಕ್ಕೆ ಹೊಸ ಕಟ್ಟಡ ಬೇಕಿಲ್ಲ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯದ ಒಂದೇ ಆವರಣದಲ್ಲಿ ಅನ್ವಯಿಕ ಭೂವಿಜ್ಞಾನ, ಕೈಗಾರಿಕಾ ರಸಾಯನವಿಜ್ಞಾನ, ಕನ್ನಡ ಭಾರತಿ ಎಲ್ಲವೂ ಇವೆ. ಶಿವಮೊಗ್ಗ ನಗರದಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಇವುಗಳ ನಡುವಣ ಅಂತರವನ್ನು ಕಿಲೋಮೀಟರುಗಳಲ್ಲಿ ಅಳೆದರೆ ಅಲ್ಪ. ನಿಯಮಾವಳಿಯಲ್ಲಿ ಅಳೆದರೆ ಅಪಾರ.

ಆ ಅಂತರ ತಗ್ಗಿಸಲು ಮೂರು ಕೆಲಸಗಳು ಆಗಬೇಕು. ಮೊದಲನೆಯದು, ಭದ್ರಾವತಿಯ ಕಾರ್ಖಾನೆಗಳಲ್ಲಿ ಉಳಿದಿರುವ ಪ್ರಯೋಗಾಲಯ ದಾಖಲೆ, ನಕ್ಷೆ, ಅದಿರಿನ ಮಾದರಿಗಳ ಪಟ್ಟಿ ತಯಾರಾಗಬೇಕು. ಯಂತ್ರಗಳ ಗತಿ ಏನೇ ಆಗಲಿ, ಅವು ಗುಜರಿಗೆ ಹೋಗದೆ ವಿಶ್ವವಿದ್ಯಾಲಯಕ್ಕೆ ಬರಬೇಕು. ಎರಡನೆಯದು, ಸಂಶೋಧನಾ ಅನುದಾನದ ಒಂದು ಸಣ್ಣ ಪಾಲನ್ನು ಎರಡು ಬೇರೆ ನಿಕಾಯಗಳ ಅಧ್ಯಾಪಕರು ಜೊತೆಗೂಡಿ ಸಲ್ಲಿಸುವ ಪ್ರಸ್ತಾವಗಳಿಗೇ ಮೀಸಲಿಡಬೇಕು. ಮೂರನೆಯದು, ಬಣ್ಣಗಾರ್ತಿ, ನೇಕಾರ, ನಿವೃತ್ತ ಕುಲುಮೆ ಕಾರ್ಮಿಕ ಇವರನ್ನು ಮಾಹಿತಿದಾರರೆಂದು ಬಳಸಿ ಬಿಡದೆ, ಗೌರವಧನ ನೀಡಿ ಸಹ ಸಂಶೋಧಕರೆಂದು ದಾಖಲಿಸಬೇಕು.

ಕಾನೂನು ಇದಕ್ಕೆ ಅಡ್ಡಿಯಿಲ್ಲ. ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನವನ್ನು ಸ್ಥಾಪಿಸಿದ 2023ರ ಕಾಯ್ದೆ ವಿಜ್ಞಾನ, ಎಂಜಿನಿಯರಿಂಗ್, ಭೂವಿಜ್ಞಾನಗಳ ಜೊತೆಗೆ ಮಾನವಿಕ ಹಾಗೂ ಸಮಾಜ ವಿಜ್ಞಾನಗಳು ವಿಜ್ಞಾನ ತಂತ್ರಜ್ಞಾನಗಳನ್ನು ಸಂಧಿಸುವ ಕ್ಷೇತ್ರವನ್ನೂ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ನ್ಯೂಜಿಲೆಂಡ್ ಮುಚ್ಚಹೊರಟ ಬಾಗಿಲನ್ನು ನಮ್ಮ ಸಂಸತ್ತು ಸ್ವಲ್ಪವಾದರೂ ತೆರೆದಿಟ್ಟಿದೆ. ಶಿವಮೊಗ್ಗ ಜಿಲ್ಲೆಯಿಂದ ಆ ಬಾಗಿಲಿಗೆ ಒಂದು ಸಮರ್ಥ ಪ್ರಸ್ತಾವ ಹೋಗಬೇಕು, ಭದ್ರಾವತಿಯ ವಿದ್ಯೆ ಬಲ್ಲವರು ನಮ್ಮ ನಡುವೆ ಇರುವಾಗಲೇ.